ಸಿಂಗಾಪುರದಲ್ಲಿ ಉದಗೀರದ ಅಗಸಿ

ನಾನು ಒರಗಿದ ಗೋಡೆ ಒಳಗೆ ಹೋಯಿತು. ಮುಂಬಯಿಯ ಮೊದಲ ದಿನ ಎಂದರೆ ನನಗೆ ನೆನಪಾಗುವುದು ಇದೇ. ಉದಗೀರದಲ್ಲಿ ರೈಲು ಹತ್ತಿ, ನಡುವೆ ಗಾಡಿ ಬದಲಿಸಿ, ಗಂಟುಗಳ ಮೇಲೆ ಕೂತೇ ಬಂದಿದ್ದ ಮೈ ಎಲ್ಲಾದರೂ ಆನಿಕೊಳ್ಳಲು ಜಾಗ ಹುಡುಕುತ್ತಿತ್ತು. ಕಂಪನಿಯ ದೊಡ್ಡ ಗೇಟು ದಾಟಿದರೆ ಎದುರಿಗೆ ನಮ್ಮ ಕಡೆಯ ಓಣಿಯೇ ನಿಂತಿತ್ತು. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲ ಎರಡೂ ಬದಿಗೆ ಕಟ್ಟೆ, ಗೋಡೆಯಲ್ಲಿ ದೀಪದ ಗೂಡು, ಗೂಡಿನ ಮೇಲೆ ಹೊಗೆ ಹಿಡಿದ ಕಪ್ಪು ಕೂಡ. ಮುಂಬಯಿಯಲ್ಲಿ ಇಂಥ ಓಣಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಸಮಾಧಾನದಿಂದ ಗೋಡೆಗೆ ಬೆನ್ನು ಕೊಟ್ಟೆ. ಕಲ್ಲು ಹಳೆಯ ಬುಟ್ಟಿಯ ಹಾಗೆ ಕರಕರ ಎಂದಿತು. ನನ್ನ ಮೊಣಕೈ ಅದರೊಳಗೆ ಇಳಿಯಿತು.

ನನ್ನ ಗಂಡ ನನ್ನನ್ನು ಎಳೆದು ನಿಲ್ಲಿಸಿದರು. ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿ, ಆ ತೂತಿಗೆ ಅಂಗೈ ಅಡ್ಡ ಹಿಡಿದು ನಿಂತರು. "ಅದು ಗ್ವಾಡಿ ಅಲ್ಲ. ಗೋಣಿತಟ್ಟಿಗಿ ಪ್ಲಾಸ್ಟರ್ ಹಚ್ಚೀನಿ. ನಾನೇ ಮಾಡೀನಿ" ಎಂದರು. ಕೊನೆಯ ಮಾತು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆಯೋ ನಾಚಿಕೆಯೋ ಆಗ ತಿಳಿಯಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ತಿಳಿದಿಲ್ಲ.

ನನ್ನ ಹೆಸರು ಮಹಾದೇವಿ. ತವರು ಉಮರ್ಗಾ ತಾಲೂಕಿನ ಗುಂಜೋಟಿ, ಕೊಟ್ಟ ಮನೆ ಉದಗೀರ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಶಾಲೆಯೆಂದರೆ ಉರ್ದು. ನನ್ನನ್ನು ಅಲ್ಲಿಗೆ ಕಳಿಸಲಿಲ್ಲ. ಮಠದ ಅಯ್ಯನವರು ಸಂಜೆ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಉಸುಕಿನಲ್ಲಿ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಆ ಅಕ್ಷರಗಳಲ್ಲೇ ಈಗ ಸಿಂಗಾಪುರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಡನ ಹೆಸರನ್ನು ನಮ್ಮಲ್ಲಿ ಹೆಣ್ಣುಮಕ್ಕಳು ಹೇಳುವುದಿಲ್ಲ, ಆದರೂ ಓದುವವರಿಗೆ ಗೊತ್ತಾಗಲೆಂದು ಒಂದು ಸಲ ಬರೆಯುತ್ತೇನೆ: ಶರಣಪ್ಪ. ಅವರು ಗೌಂಡಿ. ಕಲ್ಲು ನೋಡಿ ಅದು ಯಾವ ಮಗ್ಗುಲಿಗೆ ಒಡೆಯುತ್ತದೆಂದು ಹೇಳಬಲ್ಲ ಗೌಂಡಿ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ಉದಗೀರದಲ್ಲಿ ಗೌಂಡಿಗಳಿಗೆ ಕೆಲಸವೇ ಇರಲಿಲ್ಲ. ಊರು ಬಿಟ್ಟು ಹೋದವರ ಮನೆಗಳು ಅಲ್ಲಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದವು. ಇದ್ದವರಿಗೆ ಹೊಸ ಮನೆ ಕಟ್ಟಿಸುವ ಧೈರ್ಯ ಇನ್ನೂ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಮುಂಬಯಿಯಿಂದ ಸಿನಿಮಾ ಕಂಪನಿಯ ಒಬ್ಬ ಸಾಹೇಬರು ಕ್ಯಾಮರಾ ಹೊತ್ತು ಬಂದರು. ಕೋಟೆಯ ಅಗಸಿಯ, ಎಂದರೆ ಹೆಬ್ಬಾಗಿಲಿನ, ಫೋಟೋ ತೆಗೆಯುತ್ತಾ, ಕಮಾನಿನ ಕಲ್ಲುಗಳು ಬೀಳದೆ ಹೇಗೆ ನಿಂತಿವೆ ಎಂದು ಕೇಳಿದರಂತೆ. ನಮ್ಮವರು ಪಕ್ಕದಲ್ಲೇ ಯಾರದೋ ಹಿತ್ತಲ ಗೋಡೆ ಸರಿಮಾಡುತ್ತಿದ್ದರು. ಐದು ಇಟ್ಟಿಗೆ ಚೂರುಗಳನ್ನು ಕೆತ್ತಿ, ಗಾರೆಯಿಲ್ಲದೆ ಒಂದಕ್ಕೊಂದು ಆನಿಸಿ, ಗೇಣುದ್ದದ ಕಮಾನು ನಿಲ್ಲಿಸಿ ತೋರಿಸಿದರು. ಎರಡು ತಿಂಗಳಲ್ಲಿ ಮುಂಬಯಿಯಿಂದ ಕರೆ ಬಂತು. ಅವರು ಮೊದಲು ಹೋದರು, ವರ್ಷದ ಮೇಲೆ ನಾನು ಹೋದೆ. ನಮಗೆ ಮಕ್ಕಳಾಗಿರಲಿಲ್ಲ. ಎಲ್ಲಿಗೆ ಬೇಕಾದರೂ ಕಳಿಸಬಹುದಾದ ಜೋಡಿ ಎಂದು ಕಂಪನಿಯವರು ಅದನ್ನೇ ಒಂದು ಅರ್ಹತೆ ಎಂದುಕೊಂಡಂತಿತ್ತು.

ಈ ಕಂಪನಿ ಏನು ಮಾಡುತ್ತದೆಂದು ನಮ್ಮೂರಿನವರಿಗೆ ಹೇಳಿ ತಿಳಿಸಲು ನನಗೆ ಇಂದಿಗೂ ಕಷ್ಟ. ಸಿನಿಮಾ ತೆಗೆಯುವವರು ಅರಮನೆ, ಹಡಗು, ಹಳ್ಳಿ ಎಲ್ಲವನ್ನೂ ಮರ ಮತ್ತು ಪ್ಲಾಸ್ಟರಿನಲ್ಲಿ ಕಟ್ಟುತ್ತಾರೆ. ಸಿನಿಮಾ ಮುಗಿದ ಮೇಲೆ ಒಡೆದು ಎಸೆಯುತ್ತಾರೆ. ನಮ್ಮ ಮಾಲೀಕರು ಎಸೆಯುವುದನ್ನು ಕೊಂಡು, ಊರ ಹೊರಗಿನ ಬಯಲಲ್ಲಿ ಸಾಲಾಗಿ ನಿಲ್ಲಿಸಿದರು. ಅದಕ್ಕೆ ಚಿತ್ರಬಾಗ್ ಎಂದು ಹೆಸರಿಟ್ಟರು. ಜನ ಟಿಕೀಟು ತೆಗೆದುಕೊಂಡು ಒಳಗೆ ಬಂದು, ರಾಜನ ಸಿಂಹಾಸನದ ಮೇಲೆ ಕೂತು, ಹಡಗಿನ ಅಟ್ಟದ ಮೇಲೆ ನಿಂತು, ತಾವೇ ಸಿನಿಮಾದೊಳಗೆ ಇದ್ದೇವೆ ಎಂದುಕೊಂಡು ಹೋಗುತ್ತಿದ್ದರು. ನಮ್ಮವರು ಉದಗೀರದ ಅಗಸಿಯನ್ನು ಅಲ್ಲಿ ಪ್ಲಾಸ್ಟರಿನಲ್ಲಿ ಎಬ್ಬಿಸಿದರು. ಎತ್ತರ, ಅಗಲ, ಕಮಾನಿನ ಬಾಗು, ಕಲ್ಲಿನ ಮೇಲಿನ ಪಾಚಿ ಎಲ್ಲ ಹಾಗೇ. ಅಗಸಿಯ ಪಕ್ಕದಲ್ಲಿ ಮೂರು ಗೋಡೆಯ ಒಂದು ಹಳ್ಳಿ ಮನೆ. ನಾಲ್ಕನೆಯ ಗೋಡೆಯ ಜಾಗದಲ್ಲಿ ಒಂದು ಹಗ್ಗ, ಹಗ್ಗದ ಆಚೆ ಜನ. ಆ ಮನೆಯಲ್ಲಿ ಕೂತು ಜೋಳದ ರೊಟ್ಟಿ ತಟ್ಟುವುದು ನನ್ನ ಕೆಲಸ.

ಗುಂಜೋಟಿಯಲ್ಲಿ ನಾನು ರೊಟ್ಟಿ ತಟ್ಟಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ಜನ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನೋಡಿದರು. ರೊಟ್ಟಿ ಉಬ್ಬಿದರೆ ಚಪ್ಪಾಳೆ. ಮೊದಲ ವಾರ ರೊಟ್ಟಿಗಳು ಹರಿದವು, ಅದಕ್ಕೂ ಚಪ್ಪಾಳೆ ಬಂತು. ಸಂಜೆ ಆ ಮನೆಯಿಂದ ಎದ್ದು ನಮ್ಮ ನಿಜವಾದ ಮನೆಗೆ ಹೋಗುತ್ತಿದ್ದೆ. ನಿಜವಾದ ಮನೆ ಎಂದರೆ ಚಾಳಿನ ಒಂದು ಖೋಲಿ. ಉದ್ದನೆಯ ಕಟ್ಟಡದಲ್ಲಿ ಸಾಲಾಗಿ ಇರುವ ಒಂಟಿ ಕೋಣೆಗಳಲ್ಲಿ ಒಂದು. ನಲ್ಲಿ ಹದಿನೆಂಟು ಮನೆಗೆ ಒಂದೇ. ಆಡುವ ಮನೆಗೆ ಪಡಸಾಲೆ ಇತ್ತು, ಕಟ್ಟೆ ಇತ್ತು, ತುಳಸಿ ಇತ್ತು. ಇರುವ ಮನೆಗೆ ಒಂದು ಕಿಟಕಿ ಕೂಡ ಇರಲಿಲ್ಲ. ಯಾವುದನ್ನು ಮನೆ ಎನ್ನಬೇಕೋ ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಚಾಳಿನ ಹೆಂಗಸರೊಂದಿಗೆ ಮಾತಾಡುತ್ತಾ "ನಮ್ಮ ಮನಿ ಕಟ್ಟಿ ಮ್ಯಾಲ ಮೆಣಸಿನಕಾಯಿ ಒಣ ಹಾಕಿ ಬಂದೀನಿ" ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ನನಗೇ ಆಮೇಲೆ ಹೊಳೆಯಿತು, ಆ ಕಟ್ಟೆ ಗೋಣಿಯದು ಎಂದು.

ಭಾಷೆಯದು ಇನ್ನೊಂದು ಗೊಂದಲ. ಉದಗೀರದ ಸಂತೆಯಲ್ಲಿ ನಾನು ಒಂದೇ ಉಸಿರಿಗೆ ಕನ್ನಡ, ಮರಾಠಿ, ದಖನಿ ಉರ್ದು ಬೆರೆಸಿ ಮಾತಾಡಿದರೆ ಎಲ್ಲರಿಗೂ ತಿಳಿಯುತ್ತಿತ್ತು. ಮುಂಬಯಿಯ ಮರಾಠಿಯವರು ನನ್ನ ಮರಾಠಿ ಕೇಳಿ ನಕ್ಕು, ನನ್ನನ್ನು ಕಾನಡೀ ಎಂದರು. ಕನ್ನಡದವಳು ಎಂದು ಅರ್ಥ. ಸರಿ ಎಂದುಕೊಂಡು, ಮೂಲೆಯ ಹೋಟೆಲಿನ ಕರಾವಳಿಯ ಭಟ್ಟರೊಂದಿಗೆ ಕನ್ನಡದಲ್ಲಿ ಮಾತಾಡಿದೆ. ಅವರು ಎರಡು ಸಲ ಕೇಳಿಸಿಕೊಂಡು, ಇದು ಯಾವ ಭಾಷೆ ಎಂದು ಮರ್ಯಾದೆಯಿಂದ ವಿಚಾರಿಸಿದರು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಆ ಅನಾಹುತ ಆಯಿತು. ಭಾನುವಾರ ಮಧ್ಯಾಹ್ನ, ಹಗ್ಗದ ಆಚೆ ಕಿಕ್ಕಿರಿದ ಜನ. ಜನರಿಗೆ ಚೆನ್ನಾಗಿ ಕಾಣಲೆಂದು ಒಲೆಯನ್ನು ಮುಂದೆ, ಎಡಗೋಡೆಗೆ ಆನಿಸಿ ಹೂಡಿದ್ದರು. ಒಣಗಿದ ಗೋಣಿಗೆ ಕಿಡಿ ತಾಗಿದ್ದು ನನಗೆ ಕಾಣಲಿಲ್ಲ. ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ಬೆಂಕಿ ಗೋಡೆಯ ಬಣ್ಣ ನೆಕ್ಕುತ್ತಾ ಮೇಲೆ ಹೋಗಿ, ಮಾಳಿಗೆ ಎಂದು ಹೊದಿಸಿದ್ದ ಬಟ್ಟೆಗೆ ಹತ್ತಿತ್ತು. ಉರಿಯುವ ಬಟ್ಟೆ ನನಗೂ ಜನರಿಗೂ ನಡುವೆ ಕಳಚಿ ಬಿತ್ತು. ನಾನು ಹಿಂದಕ್ಕೆ ಓಡಿದೆ. ನಮ್ಮ ಮನೆಗಳಲ್ಲಿ ಹಿತ್ತಲ ಬಾಗಿಲು ಎಲ್ಲಿರುತ್ತದೋ ಅಲ್ಲೇ ಅಲ್ಲೊಂದು ಬಾಗಿಲು ಇತ್ತು. ಅದು ಬರೆದ ಬಾಗಿಲು. ವರ್ಷದಿಂದ ದಿನವೂ ನೋಡಿದ್ದೆ, ಬರೆದದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಕೈ ಹೋಗಿ ಚಿಲಕ ಹುಡುಕಿತು. ಬಣ್ಣದ ಚಿಲಕವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಾಗ ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು. ಜನ ಅದನ್ನು ಆಟ ಎಂದುಕೊಂಡಿದ್ದರು.

ಗೋಡೆಯ ಆಚೆಯಿಂದ ಹಾರೆಯ ಮೊನೆ ಒಳಗೆ ಬಂತು. ಎರಡೇ ಏಟು. ನಮ್ಮವರು ಆ ತೂತಿನಿಂದ ನನ್ನನ್ನು ಎಳೆದುಕೊಂಡರು. ನನ್ನ ಬಲಗೈ ಮೊಣಕೈತನಕ ಬೆಂದಿತ್ತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರು ಮಾತಾಡಿದರು. "ಖರೆ ಕಲ್ಲಿನ ಗ್ವಾಡಿ ಇತ್ತಂದ್ರ ನಿನ್ನ ತಗೀಲಿಕ್ಕ ಆಗ್ತಿದ್ದಿಲ್ಲ" ಎಂದರು. ಮತ್ತೆ, "ಖರೆ ಗ್ವಾಡಿ ಇತ್ತಂದ್ರ ಬೆಂಕೀನೇ ಹತ್ತತಿದ್ದಿಲ್ಲ" ಎಂದರು. ಎರಡೂ ನಿಜ.

ಮ್ಯಾನೇಜರ್ ಸಾಹೇಬರು ಹಣ್ಣು ತೆಗೆದುಕೊಂಡು ನೋಡಲು ಬಂದರು. ಕೆಟ್ಟವರಲ್ಲ. ಮಾತಿನ ನಡುವೆ, ಬೆಂಕಿಯ ಆಟ ಮತ್ತೆ ಯಾವಾಗ ಎಂದು ಜನ ಕೇಳುತ್ತಿದ್ದಾರೆ ಎಂದು ಹೇಳಿ ಆಶ್ಚರ್ಯಪಟ್ಟರು. ಕೈ ವಾಸಿಯಾದ ಮೇಲೆ ಒಲೆಯ ಹಿಂದೆ ಖರೆ ಕಲ್ಲಿನ ಗೋಡೆ ಕಟ್ಟದ ಹೊರತು ನನ್ನ ಹೆಂಡತಿ ಕೂಡುವುದಿಲ್ಲ ಎಂದು ನಮ್ಮವರು ಅವರಿಗೆ ಹೇಳಿದರು. ಸಾಹೇಬರು ಒಪ್ಪಿದರು. ಆಳೆತ್ತರದ ಗೋಡೆ, ಕರಿಕಲ್ಲು, ಸುಣ್ಣದ ಗಾರೆ. ಇಡೀ ಚಿತ್ರಬಾಗಿನಲ್ಲಿ ಖರೆ ಎಂಬುದು ಅದೊಂದೇ. ಬಂದವರಿಗೆ ಅದೂ ಪ್ಲಾಸ್ಟರೇ ಆಗಿ ಕಾಣುತ್ತಿತ್ತು. ನಮ್ಮವರು ಮಾತ್ರ ಕೆಲಸ ಬಿಟ್ಟು ಹೋಗುವಾಗ ಅದರ ಮೇಲೆ ಒಮ್ಮೆ ಕೈಯಿಟ್ಟು ಹೋಗುತ್ತಿದ್ದರು.

ಕಂಪನಿ ಬೆಳೆಯಿತು. ಕೊಲಂಬೋದಲ್ಲಿ ಒಂದು ಬಾಗ್ ತೆರೆದರು, ಅಲ್ಲಿಗೂ ಉದಗೀರದ ಅಗಸಿ ಬೇಕೆಂದರು. ನಮ್ಮವರು ಎಂಟು ತಿಂಗಳು ಅಲ್ಲಿದ್ದು ಬಂದರು. ಬಂದವರು ಸರಿಯಾಗಿ ಮಾತಾಡಲಿಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದರು: ಅಲ್ಲಿ ಅಗಸಿಯ ಎದುರಿಗೆ 'ಬೆಂಕಿ ಬಿದ್ದ ಮನೆ' ಎಂಬ ಆಟ ಇದೆ, ವಾರಕ್ಕೊಮ್ಮೆ ಸಂಜೆ ನಾಲ್ಕಕ್ಕೆ ಗೋಣಿಯ ಮನೆ ಸುಡುತ್ತಾರೆ, ನನ್ನಂಥದೇ ಇಳಕಲ್ ಸೀರೆ ಉಟ್ಟ ಒಬ್ಬಳು ಹಿಂದಿನ ಬಾಗಿಲು ಬಡಿದುಕೊಳ್ಳುತ್ತಾಳೆ, ಒಬ್ಬನು ಹಾರೆಯಿಂದ ಗೋಡೆ ಒಡೆದು ಎಳೆದುಕೊಳ್ಳುತ್ತಾನೆ. ಪ್ರತಿ ವಾರ ಆ ಮನೆಯನ್ನು ಹೊಸದಾಗಿ ಮಾಡಿಕೊಟ್ಟದ್ದು ಇವರೇ. ನಾನು ಸಿಟ್ಟಾಗಬೇಕಿತ್ತು. ಬದಲಿಗೆ, ಆಕೆ ಚೆನ್ನಾಗಿ ಮಾಡುತ್ತಾಳೇನು ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ.

ಅದೇ ಹೊತ್ತಿಗೆ ಭಾಷೆಯ ಪ್ರಕಾರ ರಾಜ್ಯಗಳನ್ನು ಹಂಚಿದರು. ಬೀದರ ಜಿಲ್ಲೆಯಲ್ಲಿದ್ದ ಉದಗೀರ ಉಸ್ಮಾನಾಬಾದ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯದ್ದಾಯಿತು, ಬೀದರ ಮೈಸೂರಿಗೆ ಹೋಯಿತು. ನನ್ನ ಮೂರು ಗೋಡೆಯ ಮನೆಯ ಮುಂದೆ 'ಹೈದರಾಬಾದ್ ಕಡೆಯ ಮನೆ' ಎಂಬ ಹಲಗೆ ಇತ್ತು. ಪೇಂಟರ್ ಬಂದು ಅದನ್ನು 'ಮುಂಬಯಿ ರಾಜ್ಯದ ಮನೆ' ಎಂದು ತಿದ್ದಿದ. ನಾನು ಕೂತಲ್ಲೇ ಕೂತಿದ್ದೆ, ರೊಟ್ಟಿ ಹೆಂಚಿನ ಮೇಲಿತ್ತು.

ಸಿಂಗಾಪುರದಲ್ಲೂ ಬಾಗ್ ತೆರೆಯುತ್ತೇವೆ, ಅಲ್ಲಿಗೆ ಇಬ್ಬರೂ ಹೊರಡಬೇಕು ಎಂದು ಕಂಪನಿಯವರು ಹೇಳಿದಾಗ, ಹೋಗುವ ಮೊದಲು ಊರಿಗೆ ಹೋಗಿ ಬಂದೆವು. ಉದಗೀರದಲ್ಲಿ ಇಳಿದು ಕೋಟೆಯ ಕಡೆ ನಡೆದೆವು. ಅಗಸಿ ಇದ್ದಲ್ಲೇ ಇತ್ತು. ನಾನು ಹತ್ತಿರ ಹೋಗಿ, ಯಾಕೆಂದು ಯೋಚಿಸುವ ಮೊದಲೇ, ಬೆರಳ ಗೆಣ್ಣಿನಿಂದ ಅದನ್ನು ಬಡಿದು ನೋಡಿದೆ. ಗೆಣ್ಣು ತರಚಿತು. ನಮ್ಮವರು ನೋಡಿಯೂ ನೋಡದ ಹಾಗೆ ನಿಂತಿದ್ದರು. ಅವರು ಕಮಾನನ್ನೇ ದಿಟ್ಟಿಸುತ್ತಿದ್ದರು. ಎಡಬದಿಯ ಒಂದು ಕಲ್ಲು ಸರಿದಿದೆ, ನಾನು ಮಾಡಿದ್ದರಲ್ಲಿ ಹೀಗಿಲ್ಲ ಎಂದರು.

ಗುಂಜೋಟಿಯಲ್ಲಿ ಅಣ್ಣ ಗುರುಪಾದಪ್ಪ ಹೊಲದ ಬದುವಿನಲ್ಲಿ ನಮಗೆಂದು ಜಾಗ ಇಟ್ಟಿದ್ದ, ಬಂದಾಗ ಮನೆ ಕಟ್ಟಿಕೊಳ್ಳಿ ಎಂದ. ಅಣ್ಣನ ಮಗಳು ನೀಲಾ ಹೊಸ ಶಾಲೆಗೆ ಹೋಗುತ್ತಿದ್ದಳು, ಮರಾಠಿ ಓದುತ್ತಿದ್ದಳು. ಅಕ್ಷರ ಮುತ್ತಿನ ಹಾಗೆ. ಅತ್ತೆಗೆ ಪತ್ರ ಬರಿ ಎಂದೆ. ನಾನು ಬರೆದದ್ದು ನಿನಗೆ ಓದಲು ಬರುವುದಿಲ್ಲ, ನೀನು ಬರೆದದ್ದು ನನಗೆ ಬರುವುದಿಲ್ಲ ಎಂದು ಅವಳು ಮರಾಠಿಯಲ್ಲೇ ಉತ್ತರ ಕೊಟ್ಟಳು. ಅಣ್ಣನಿಗೆ ಓದಲು ಬರುವುದು ಉರ್ದು ಮಾತ್ರ. "ನಿನ್ನ ಪತ್ರ ಮಠದ ಅಯ್ಯನೋರ ಕಡಿಂದ ಓದಸ್ತೀನಿ. ಅವರೂ ಈಗ ಕಣ್ಣು ಕಾಣಲ್ಲ ಅಂತಾರ" ಎಂದ. ಒಂದೇ ಪಡಸಾಲೆಯಲ್ಲಿ ಮೂರು ಲಿಪಿಯ ಮೂವರು ಕೂತು ಉಂಡೆವು. ಊಟದಲ್ಲಿ ಮಾತ್ರ ಯಾವ ಗೊಂದಲವೂ ಇರಲಿಲ್ಲ.

ಸಿಂಗಾಪುರ ಎಂದರೆ ಹಸಿರು ಮತ್ತು ಬೆವರು. ನಮ್ಮ ಕಡೆ ಮಳೆಗಾಗಿ ಮುಖ ಮೇಲೆತ್ತಿ ಕಾಯುತ್ತೇವೆ, ಇಲ್ಲಿ ಅದು ದಿನಾ ಮಧ್ಯಾಹ್ನ ಹೇಳದೆ ಕೇಳದೆ ಬಂದು ಹೋಗುತ್ತದೆ. ನಮಗೆ ಕೊಟ್ಟದ್ದು ಚೀನೀ ಬಡಗಿಯ ಅಂಗಡಿಯ ಮೇಲಿನ ಎರಡು ಕೋಣೆ. ಅಂಗಡಿಗಳ ಮುಂದೆ ಮಾಡು ಇಳಿಸಿದ ಓಡಾಡುವ ಜಾಗ ಇದೆ. ಅದಕ್ಕೆ ಕಾಕಿ ಲಿಮಾ ಎನ್ನುತ್ತಾರೆ. ಮಲಯ ಭಾಷೆಯಲ್ಲಿ ಐದು ಅಡಿ ಎಂದು ಅರ್ಥ. ನಮ್ಮ ಕಟ್ಟೆಯ ಹಾಗೆಯೇ ಅಲ್ಲಿ ಜನ ಕೂತು ಹರಟುತ್ತಾರೆ, ಆದರೆ ಯಾರೂ 'ಬಾ ಕೂಡು' ಎನ್ನುವುದಿಲ್ಲ. ಹೇಳಿದರೂ ನನಗೆ ತಿಳಿಯುತ್ತಿರಲಿಲ್ಲ. ಮೊದಲ ಆರು ತಿಂಗಳು ನಾನು ಬಾಯ್ಬಿಟ್ಟು ಮಾತಾಡಿದ್ದು ನಮ್ಮವರೊಂದಿಗೆ ಮಾತ್ರ. ಅವರು ಮೊದಲೇ ಮಿತಭಾಷಿ. ಮಧ್ಯಾಹ್ನ ಒಬ್ಬಳೇ ಇದ್ದಾಗ ಹೆಂಚಿನೊಂದಿಗೆ, ಕೊಣಮಿಗೆಯೊಂದಿಗೆ ಮಾತಾಡುತ್ತಿದ್ದೆ. ಕೊಣಮಿಗೆ ಎಂದರೆ ನಾದುವ ಪಾತ್ರೆ, ಅದನ್ನು ಊರಿಂದಲೇ ತಂದಿದ್ದೆ.

ಮುಂಬಯಿಯಿಂದ ತಂದ ಜೋಳದ ಹಿಟ್ಟಿಗೆ ಎರಡೇ ತಿಂಗಳಲ್ಲಿ ಹುಳ ಬಿತ್ತು. ಗೋಧಿ ಹಿಟ್ಟಿನಲ್ಲೇ ತಟ್ಟು, ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದರು ಕಂಪನಿಯವರು. ನನಗೆ ಮನಸ್ಸು ಬರಲಿಲ್ಲ. ಪಾಸಾರ್ ಎಂದು ಇಲ್ಲಿ ಕರೆಯುವ ಸಂತೆಯನ್ನೆಲ್ಲ ಸುತ್ತಿದೆ. ಕೊನೆಗೆ ಪಂಜರದ ಹಕ್ಕಿ ಮಾರುವ ಒಬ್ಬ ಚೀನೀ ಮುದುಕನ ಅಂಗಡಿಯಲ್ಲಿ, ಪಾರಿವಾಳಕ್ಕೆ ಹಾಕುವ ಚೀಲದಲ್ಲಿ, ಜೋಳ ಕಂಡಿತು. ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಐದು ಸೇರು ಕಟ್ಟಿಸಿಕೊಂಡಾಗ, ಎಷ್ಟು ಪಾರಿವಾಳ ಸಾಕಿದ್ದೀಯ ಎಂದು ಅವನು ಸನ್ನೆಯಲ್ಲಿ ಕೇಳಿದ. ಎರಡು ಬೆರಳು ತೋರಿಸಿದೆ. ಪರದೇಶದಲ್ಲಿ ನಾನು ಮಾಡಿದ ಮೊದಲ ತಮಾಷೆ ಅದು.

ನಮ್ಮವರು ಇಲ್ಲಿನ ಬೂದು ಕಲ್ಲು ತಂದು, ಬಾಗಿನ ಮನೆಯಲ್ಲಿ ಒಲೆಯ ಹಿಂದೆ ಖರೆ ಗೋಡೆ ಕಟ್ಟಿದರು. ಅದರ ಪಕ್ಕ ಮೂರನೆಯ ಸಲ ಉದಗೀರದ ಅಗಸಿ ಎದ್ದಿತು. ಅಗಸಿಯ ಎದುರಿಗೆ, ಕೊಲಂಬೋದ ಹಾಗೆಯೇ, ಸುಡುವ ಮನೆಗೂ ಜಾಗ ಗುರುತಿಸಿದ್ದರು. ಪ್ರತಿ ಶನಿವಾರ ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದಂತೆ ಮೂವತ್ತು ಹೆಜ್ಜೆ ದೂರದಲ್ಲಿ ನಾನೇ ಸುಡುತ್ತಿದ್ದೆ, ನಾನೇ ಪಾರಾಗುತ್ತಿದ್ದೆ. ನನ್ನ ಪಾತ್ರ ಮಾಡುವವಳು ಒಬ್ಬ ತಮಿಳು ಹುಡುಗಿ. ಬಹಳ ಒಳ್ಳೆಯವಳು, ಆಟ ಮುಗಿದ ಮೇಲೆ ಬಂದು ನನ್ನ ರೊಟ್ಟಿ ತಿನ್ನುತ್ತಿದ್ದಳು. ಮೊದಮೊದಲು ನನ್ನ ಬಲಗೈ ಆ ಹೊತ್ತಿಗೆ ಚುರುಗುಟ್ಟುತ್ತಿತ್ತು. ಆಮೇಲೆ ಅದೂ ನಿಂತಿತು. ನಿಂತದ್ದಕ್ಕೆ ಸಂತೋಷಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಒಂದು ಶನಿವಾರ ಬೆಂಕಿ ಮೇಲೇಳುತ್ತಿದ್ದಂತೆ ಜನರ ನಡುವಿನಿಂದ ಒಂದು ದನಿ ಕೇಳಿಸಿತು. "ಒಳಗ ಹೆಣ್ಮಗಳು ಅದಾಳ. ಯಾರರೆ ನೀರು ತರ್ರಿ." ಕನ್ನಡ. ನಮ್ಮ ಕನ್ನಡ. ಬಿಳಿ ಗಡ್ಡದ ಒಬ್ಬ ಮುದುಕರು ಹಗ್ಗ ದಾಟಿ ಬೆಂಕಿಯ ಕಡೆ ನಡೆದಿದ್ದರು. ತಲೆಯ ಟೋಪಿ ಬಿದ್ದುಹೋಗಿತ್ತು. ಜನ ಅವರಿಗೂ ಚಪ್ಪಾಳೆ ತಟ್ಟಿದರು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಓಡಿ ಅವರ ತೋಳು ಹಿಡಿದೆ.

"ಚಾಚಾ, ಅದು ಆಟ. ಯಾರಿಗೂ ಏನೂ ಆಗಲ್ಲ" ಎಂದೆ.

ಅವರು ನನ್ನ ಮುಖ ನೋಡಿದರು, ನನ್ನ ಹಿಂದಿನ ಅಗಸಿ ನೋಡಿದರು. "ಖರೆ ಬೆಂಕಿ ಅಲ್ಲೇನು?" ಎಂದರು.

"ಬೆಂಕಿ ಖರೇನೇ ಅದ. ಮನಿ ಖರೆ ಅಲ್ಲ."

ಅವರನ್ನು ಕರೆದುಕೊಂಡು ಬಂದು ಒಲೆಯ ಹಿಂದಿನ ಕಲ್ಲಿನ ಗೋಡೆಗೆ ಒರಗಿಸಿ ಕೂಡಿಸಿ ನೀರು ಕೊಟ್ಟೆ. ಹೆಸರು ಕರೀಂಸಾಬ್. ಉದಗೀರದಲ್ಲಿ ಬಳೆ ಅಂಗಡಿ ಇತ್ತಂತೆ. ಗುಂಜೋಟಿಯ ಸಂತೆಗೂ ಬರುತ್ತಿದ್ದರಂತೆ. ನನ್ನ ತಾಯಿಗೋ ನನಗೋ ಬಳೆ ಇಟ್ಟಿರಬಹುದು, ಇಡದೆಯೂ ಇರಬಹುದು. ಇಬ್ಬರಿಗೂ ನೆನಪಾಗಲಿಲ್ಲ. ಪೊಲೀಸ್ ಆಕ್ಷನ್ ಆದ ವರ್ಷ ಊರು ಬಿಟ್ಟು, ಮದರಾಸಿನಲ್ಲಿ ಕೆಲವು ವರ್ಷ ಇದ್ದು, ಮಗನ ಹಿಂದೆ ಇಲ್ಲಿಗೆ ಬಂದಿದ್ದರು. ಮಗನ ಬಟ್ಟೆ ಅಂಗಡಿಯಲ್ಲಿ ಯಾರೋ, ಬಾಗಿನಲ್ಲಿ ಹಿಂದುಸ್ತಾನದ ಕೋಟೆ ಕಟ್ಟಿದ್ದಾರೆ ಎಂದದ್ದು ಕೇಳಿ ನೋಡಲು ಬಂದಿದ್ದರು. ಅಗಸಿ ಕಂಡಾಗ ಅದು ಯಾವ ಊರಿನದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರ ಕೆಳಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಎದುರಿನ ಮನೆಗೆ ಬೆಂಕಿ ಬಿದ್ದಿತ್ತು. ಆಗ ಅವರು ಏನು ಕಂಡರು ಎಂದು ನಾನು ಕೇಳಲಿಲ್ಲ.

ನಮ್ಮವರು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಮ್ಯಾನೇಜರರ ಕೋಣೆಗೆ ಹೋದರು. ನಮ್ಮವರಿಗೆ ಹಿಂದಿ ಬರುತ್ತದೆ, ಆದರೆ ಆ ದಿನ ಬಾಯಿಂದ ಬಂದದ್ದು ಕನ್ನಡವೇ. "ಉದಗೀರ ಅಗಸಿ ಮುಂದ ನಾ ಮನಿ ಸುಡೂದಿಲ್ರೀ. ಮನಿ ಕಟ್ಟಾವ ನಾ." ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಕೆಲಸ ಹೋಗುತ್ತದೆ, ಹಡಗು ಹತ್ತಿಸುತ್ತಾರೆ ಎಂದುಕೊಂಡಿದ್ದೆ. ಮನೆಯಲ್ಲಿ ಗಂಟು ಕೂಡ ಕಟ್ಟಿಟ್ಟು ಬಂದಿದ್ದೆ. ಸಾಹೇಬರು ಬಹಳ ಹೊತ್ತು ಪೆನ್ನು ತಿರುಗಿಸಿ, ಆಟವನ್ನು ಬಾಗಿನ ಆ ಕೊನೆಗೆ, ಹಡಗಿನ ಪಕ್ಕಕ್ಕೆ ಸಾಗಿಸುತ್ತೇವೆ, ಮನೆ ಮಾಡಲು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ನಾವು ಗೆದ್ದೆವು. ಆಮೇಲೆ ನೋಡಿದರೆ ಅಲ್ಲಿ ಜನ ನಿಲ್ಲಲು ಹೆಚ್ಚು ಜಾಗ ಸಿಕ್ಕಿ ಆಟಕ್ಕೆ ಮೊದಲಿಗಿಂತ ದೊಡ್ಡ ಗುಂಪು ಕೂಡುತ್ತಿತ್ತು. ಈಗ ಅದು ಕೆಂಪು ಹೆಂಚಿನ, ಯಾವ ದೇಶದ್ದೂ ಅಲ್ಲದ ಮನೆ. ಯಾರದೋ ಮನೆ ಸುಡುತ್ತದೆ, ನಮ್ಮದಲ್ಲ. ಇದು ಗೆಲುವು ಹೌದೋ ಅಲ್ಲವೋ ಎಂದು ನಮ್ಮವರನ್ನು ಕೇಳಿದೆ. ಅವರು ಕರಣೆ ತೊಳೆಯುತ್ತಾ, ಇವತ್ತಿಗೆ ಇಷ್ಟು ಎಂದರು.

ಕರೀಂಸಾಬ್ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರತೊಡಗಿದರು. ಅಗಸಿಯ ನೆರಳಿನಲ್ಲಿ ಕೂತು ಎರಡು ರೊಟ್ಟಿ, ಶೇಂಗಾ ಚಟ್ನಿ ತಿಂದು, ಸಂಜೆತನಕ ಮಾತಾಡುತ್ತಿದ್ದರು. ಯಾವ ಓಣಿಯಲ್ಲಿ ಯಾರ ಮನೆ, ಯಾರ ಮಗಳಿಗೆ ಎಷ್ಟು ಸಣ್ಣ ಬಳೆ ಹಿಡಿಯುತ್ತಿತ್ತು, ದೇವಣಿಯ ಎತ್ತುಗಳು ಸಂತೆಗೆ ಬಂದಾಗ ಧೂಳು ಹೇಗೆ ಏಳುತ್ತಿತ್ತು. ಅವರು ಹೇಳುವ ಉದಗೀರದಲ್ಲಿ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ನಾನು ನೋಡಿ ಬಂದ ಉದಗೀರ ಅದಲ್ಲ. ಒಮ್ಮೆ ತಿದ್ದಲು ಹೋದೆ, ಅವರ ಮುಖ ನೋಡಿ ಸುಮ್ಮನಾದೆ. ಒಮ್ಮೆ ಊರಿಗೆ ಹೋಗಿ ಬನ್ನಿ ಚಾಚಾ ಎಂದೂ ಹೇಳಿದೆ. "ನಕ್ಕೋ ಬೇಟಿ, ಬ್ಯಾಡ. ನನಗ ಇಷ್ಟೇ ಸಾಕು" ಎಂದು ಪ್ಲಾಸ್ಟರಿನ ಅಗಸಿಯನ್ನು ತೋರಿಸಿದರು. ನನಗೆ ಅವರ ಮೇಲೆ ಸಿಟ್ಟು ಬಂತು, ಹೊಟ್ಟೆಕಿಚ್ಚೂ ಆಯಿತು. ಇಷ್ಟೇ ಸಾಕು ಎನ್ನಲು ನನಗೆ ಎಲ್ಲೂ ಆಗಿಲ್ಲ.

ಈ ವರ್ಷ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರ ಆಯಿತು. ಇಲ್ಲಿಯ ನನ್ನ ಮನೆಯ ಮುಂದಿನ ಹಲಗೆಯನ್ನೂ ಬದಲಿಸಿದರು. ಅದೇ ತಿಂಗಳು ಅಣ್ಣನ ಪತ್ರ ಬಂತು. ನೀಲಾಳ ಕೈಬರಹ, ಮರಾಠಿ. ಮುಂಬಯಿಯಿಂದ ಹೊಸದಾಗಿ ಬಂದ ಕಂಪನಿಯ ಅಡುಗೆಯವನ ಕಡೆಯಿಂದ ಓದಿಸಿದೆ. ಬದುವಿನ ಜಾಗಕ್ಕೆ ಕಲ್ಲು ಹೊಡೆಸಿ ಹಾಕಿದ್ದೇನೆ, ಭಾವನವರು ಬಂದು ಮನೆ ಕಟ್ಟಲಿ, ಇನ್ನು ಸಾಕು ಬನ್ನಿ ಎಂದು ಇತ್ತು. ಕಂಪನಿಯೊಂದಿಗಿನ ನಮ್ಮ ಕರಾರೂ ಆಗಲೇ ಮುಗಿಯುವುದರಲ್ಲಿತ್ತು. ಕಂಪನಿ ಇನ್ನೂ ದೂರದ ಒಂದು ದೇಶಕ್ಕೆ ಹೊರಟಿದೆ, ಅಲ್ಲಿಗೂ ಅಗಸಿ ಬೇಕಂತೆ. ನಮ್ಮವರು ಈ ಸಲ ಬೇಗ ತೀರ್ಮಾನ ಮಾಡಿದರು. ಹೊಸ ದೇಶ ಬೇಡ, ಊರಿಗೆ ಹೋಗೋಣ, ಒಂದಾದರೂ ಮನೆ ನಾಲ್ಕು ಗೋಡೆಯದು ಕಟ್ಟುತ್ತೇನೆ ಎಂದರು. ಏಳು ವರ್ಷದಿಂದ ನಾನು ಕಾದಿದ್ದ ಮಾತು ಅದು.

ಶುಕ್ರವಾರ ಕರೀಂ ಚಾಚಾಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಛಲೋ ಆತು. ಹೋಗಿ ಬರ್ರಿ" ಎಂದರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು: "ಮನ್ಯಾಗ ಮೊಮ್ಮಕ್ಕಳು ಮಲಯ ಮಾತಾಡ್ತಾವ. ಮಗ ಇಂಗ್ಲೀಷ್ ಮಾತಾಡ್ತಾನ. ವಾರದಾಗ ಒಂದ್ ದಿನ ನನ್ನ ಬಾಯಿ ನನ್ನ ಬಾಯಿ ಇದ್ದಂಗ ಆಗ್ತಿತ್ತು."

ಆ ಸಂಜೆ ಕಾಕಿ ಲಿಮಾದಲ್ಲಿ ನಡೆಯುತ್ತಾ ನಾನು ನಮ್ಮವರಿಗೆ, ಇನ್ನೊಂದು ವರ್ಷ ಇಲ್ಲೇ ಇರೋಣ ಎಂದೆ. ಅವರು ನಿಂತುಬಿಟ್ಟರು.

"ಊರಿಗಿ ಹೋಗೂನು ಅಂತ ನೀನೇ ಅಂತಿದ್ದಿ" ಎಂದರು.

"ಹೌದ್ರೀ. ಈಗೂ ಅಂತೀನಿ."

"ಮತ್ತ ಯಾಕ?"

ಗುಂಜೋಟಿಯಲ್ಲಿ ನನ್ನದೇ ರಕ್ತದವರು ಇದ್ದಾರೆ, ಅವರ ಮನೆಯ ಮಗುವಿಗೆ ನನ್ನ ಅಕ್ಷರ ಬರುವುದಿಲ್ಲ. ಇಲ್ಲಿ ನನಗೆ ಏನೂ ಅಲ್ಲದ ಒಬ್ಬ ಮುದುಕರ ಬಾಯಲ್ಲಿ ನಾನು ಹುಟ್ಟಿದ ಸೀಮೆಯ ಮಾತು ಒಂದು ಪದವೂ ಕೆಡದೆ ಉಳಿದಿದೆ. ಇದು ಕಾರಣ ಹೌದೇ? ಅವರಿಗೆ ಕನಿಕರಪಟ್ಟು ಉಳಿಯುತ್ತಿದ್ದೇನೋ, ಊರಿಗೆ ಹೋಗಿ ಮಾತಿಲ್ಲದೆ ಕೂಡುವ ಭಯಕ್ಕೆ ಉಳಿಯುತ್ತಿದ್ದೇನೋ, ನಾನೇ ಬಿಡಿಸಿ ನೋಡಲಾರೆ. ನಮ್ಮವರು ನನ್ನ ಮುಖ ನೋಡಿ ಮತ್ತೆ ನಡೆಯತೊಡಗಿದರು. ಮರುದಿನ ಹೋಗಿ ಇಲ್ಲಿಯದೇ ಇನ್ನೊಂದು ವರ್ಷದ ಕರಾರಿಗೆ ಸಹಿ ಹಾಕಿ ಬಂದರು.

ಅಣ್ಣನಿಗೆ ಉತ್ತರ ಬರೆಯಲು ಕೂತೆ. ಬರುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತಿತ್ತು, ಬರುತ್ತೇವೆ ಎಂದರೂ ಸುಳ್ಳಾಗುತ್ತಿತ್ತು. ಕಣ್ಣು ಮಂಜಾದ ಅಯ್ಯನವರು ಓದಲೆಂದು ಅಕ್ಷರಗಳನ್ನು ದೊಡ್ಡದಾಗಿ, ಒಂದೊಂದೇ ಬಿಡಿಸಿ ಬರೆದೆ. ಎಲ್ಲರೂ ಆರಾಮ ಇದ್ದೇವೆ. ಕಲ್ಲಿನ ರಾಶಿಗೆ ಮುಳ್ಳು ಬೆಳೆಯದಂತೆ ನೋಡಿಕೋ. ಈ ಸಲದ ಸುಗ್ಗಿಯ ಹೊಸ ಜೋಳ ಹತ್ತು ಸೇರು ಕಳಿಸು, ಇಲ್ಲಿ ಶುಕ್ರವಾರ ಒಬ್ಬರು ಊಟಕ್ಕೆ ಬರುತ್ತಾರೆ.